ತಪ್ಪಿಹೋದ ಬಂದರು

2006ರ ಜನವರಿಯಲ್ಲಿ ಕ್ವೀನ್ ಮೇರಿ 2 ಎಂಬ ಭಾರಿ ಹಡಗು ಫ್ಲಾರಿಡಾದ ಪೋರ್ಟ್ ಎವರ್‌ಗ್ಲೇಡ್ಸ್ ಬಿಟ್ಟು ಹೊರಡುವಾಗ ಕಾಲುವೆಯ ಅಂಚಿಗೆ ತಾಗಿತು. ಹಡಗನ್ನು ತಳ್ಳುವ ನಾಲ್ಕು ಪಾಡ್‌ಗಳಲ್ಲಿ ಒಂದು ಕೆಟ್ಟಿತು. ಮುಳುಗುವ ಭಯವೇನೂ ಇರಲಿಲ್ಲ, ವೇಗ ಮಾತ್ರ ತಗ್ಗಿತು. ಹೇಳಿದ ದಿನಕ್ಕೆ ರಿಯೋ ಡಿ ಜನೈರೊ ಮುಟ್ಟಬೇಕೆಂದರೆ ನಡುವೆ ಎಲ್ಲೂ ನಿಲ್ಲುವಂತಿರಲಿಲ್ಲ. ಸೇಂಟ್ ಕಿಟ್ಸ್, ಬಾರ್ಬಡೋಸ್, ಬ್ರೆಜಿಲ್‌ನ ಸಾಲ್ವಡೋರ್ ಮೂರನ್ನೂ ಕೈಬಿಡಲಾಯಿತು. ಕಂಪನಿ ಅರ್ಧ ದುಡ್ಡು ಮರಳಿಸುವುದಾಗಿ ಹೇಳಿತು. ಪ್ರಯಾಣಿಕರು ಒಪ್ಪಲಿಲ್ಲ. ರಿಯೋ ಬಂದರೂ ನಾವು ಹಡಗಿನಿಂದ ಇಳಿಯುವುದಿಲ್ಲ, ಇಲ್ಲೇ ಧರಣಿ ಕೂರುತ್ತೇವೆ ಎಂದು ಹಲವರು ಪಟ್ಟು ಹಿಡಿದರು. ಕೊನೆಗೆ ಕಂಪನಿ ಪೂರ್ತಿ ದುಡ್ಡನ್ನೇ ಹಿಂದಿರುಗಿಸಲು ಒಪ್ಪಿತು.

ಆ ಹಡಗಿನಲ್ಲಿ ಇದ್ದವರಲ್ಲಿ ಬಹಳ ಮಂದಿ ವಯಸ್ಸಾದವರು. ಊಟ, ಉಪಚಾರ, ಮಲಗಲು ಮೆತ್ತನೆಯ ಹಾಸಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಮೂರು ಊರು ನೋಡಲಿಲ್ಲ ಎಂಬುದಕ್ಕೆ ಇಷ್ಟು ರಂಪವೇ ಎಂದು ಅಂದು ದಡದಲ್ಲಿ ಕುಳಿತು ಸುದ್ದಿ ಓದಿದವರಿಗೆ ಅನಿಸಿರಬಹುದು. ಕ್ರೂಸ್ ಎಂಬುದೇ ಉಳ್ಳವರ ವಿಲಾಸ, ಅವರ ಅಸಮಾಧಾನವೂ ವಿಲಾಸದ್ದೇ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ನನಗೆ ಹಾಗೆ ತೋರುವುದಿಲ್ಲ. ಒಬ್ಬರು ವರ್ಷಗಟ್ಟಲೆ ಉಳಿಸಿ, ರಜೆ ಹೊಂದಿಸಿ, ವೀಸಾಕ್ಕೆ ಅಲೆದು ಹೊರಟಿರುತ್ತಾರೆ. ಅವರಿಗೆ ಕೊಟ್ಟ ಮಾತು ದೊಡ್ಡ ಹಡಗಿನ ಮೇಲೆ ಕೊಟ್ಟದ್ದು ಎಂಬ ಕಾರಣಕ್ಕೆ ಹಗುರವಾಗುವುದಿಲ್ಲ.

ಕಡಲಿನ ಮೇಲೆ ಯಾರಿಗೂ ಕೋಪವಿಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಗ್ರೀಸಿನ ಸಾಂಟೊರಿನಿ, ಫಾಕ್‌ಲ್ಯಾಂಡ್ ದ್ವೀಪಗಳ ಸ್ಟ್ಯಾನ್ಲಿಯಂಥ ಊರುಗಳಲ್ಲಿ ದೊಡ್ಡ ಕ್ರೂಸ್ ಹಡಗು ದಡಕ್ಕೆ ತಾಗಿ ನಿಲ್ಲುವುದಿಲ್ಲ. ದೂರದಲ್ಲಿ ಲಂಗರು ಹಾಕಿ, ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸಬೇಕು. ಅಲೆ ಸ್ವಲ್ಪ ಎದ್ದರೂ ಹಡಗಿನ ಮೆಟ್ಟಿಲಿಗೂ ದೋಣಿಗೂ ನಡುವಿನ ಅಂತರ ಏಳುತ್ತ ಬೀಳುತ್ತ ಇರುತ್ತದೆ. ಎಪ್ಪತ್ತು ದಾಟಿದವರು ಅಲ್ಲಿ ಹೆಜ್ಜೆ ತಪ್ಪಿದರೆ ಕಾಲು ಮುರಿಯುತ್ತದೆ, ಜೀವವೇ ಹೋಗಬಹುದು. ಬೇಡ ಎಂದು ಕ್ಯಾಪ್ಟನ್ ಹೇಳಿದರೆ ಅದು ಕೊನೆಯ ಮಾತು, ಆಗಲೇಬೇಕು. 2023ರ ನವೆಂಬರ್‌ನಲ್ಲಿ ಯೆಮೆನಿನ ಹೌತಿಗಳು ಗ್ಯಾಲಕ್ಸಿ ಲೀಡರ್ ಎಂಬ ಸರಕು ಹಡಗನ್ನು ವಶಪಡಿಸಿಕೊಂಡ ಮೇಲೆ ಕೆಂಪು ಸಮುದ್ರದ ದಾರಿಯೇ ಅಪಾಯದ್ದಾಯಿತು. ಕ್ರೂಸ್ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತುವ ಹಾದಿ ಹಿಡಿದವು. 2023ರ ಡಿಸೆಂಬರ್ 10ರಂದು ಮಿಯಾಮಿಯಿಂದ ಒಂಬತ್ತು ತಿಂಗಳ ವಿಶ್ವಪರ್ಯಟನೆಗೆ ಹೊರಟಿದ್ದ ಸೆರೆನೇಡ್ ಆಫ್ ದಿ ಸೀಸ್ ಹಡಗಿನ ನಕ್ಷೆಯೂ ಬದಲಾಯಿತು. ಕ್ಷಿಪಣಿ ಹಾರುವ ಕಡಲಿಗೆ ನಮ್ಮನ್ನು ಕರೆದೊಯ್ಯಿರಿ ಎಂದು ಬುದ್ಧಿ ನೆಟ್ಟಗಿರುವ ಯಾರೂ ಕೇಳುವುದಿಲ್ಲ.

ಆದರೆ ಬಂದರು ತಪ್ಪುವುದು ಗಾಳಿಯಿಂದ, ಯುದ್ಧದಿಂದ ಮಾತ್ರವಲ್ಲ. 2022ರ ಜೂನ್‌ನಲ್ಲಿ ಚೆನ್ನೈಯಿಂದ ವಿಶಾಖಪಟ್ಟಣ, ಪುದುಚೇರಿ ನೋಡಿಸುವುದಾಗಿ ಹೊರಟ ಕಾರ್ಡೀಲಿಯಾ ಹಡಗು ಪುದುಚೇರಿಯ ಎದುರಿನ ಕಡಲಿಗೆ ಬಂದಾಗ ಜನರನ್ನು ಇಳಿಸಲು ಅಲ್ಲಿನ ಆಡಳಿತ ಅನುಮತಿ ಕೊಡಲಿಲ್ಲ. ಹಡಗಿನಲ್ಲಿ ಕ್ಯಾಸಿನೊ ಇದೆ ಎಂಬ ವಿರೋಧ ಊರಿನಲ್ಲಿ ಎದ್ದಿತ್ತು. ಊರು ಕಣ್ಣಿಗೆ ಕಾಣುತ್ತಿದ್ದರೂ ಕಾಲಿಡುವಂತಿಲ್ಲ. ಅನುಮತಿ ಇದೆಯೋ ಇಲ್ಲವೋ ಎಂಬುದು ಟಿಕೆಟ್ ಮಾರುವ ಮೊದಲೇ ತೀರ್ಮಾನವಾಗಬೇಕಾದ ವಿಷಯ. ಅದರಲ್ಲಿ ಕಡಲಿನ ಪಾಲು ಏನೂ ಇಲ್ಲ. ವೆನಿಸ್‌ನದು ಇನ್ನೊಂದು ಬಗೆ. 25,000 ಟನ್ನಿಗಿಂತ ದೊಡ್ಡ ಹಡಗುಗಳು ನಗರದ ನಡುವಿನ ನೀರಿಗೆ ಬರುವುದನ್ನು ಇಟಲಿ ಸರಕಾರ 2021ರ ಆಗಸ್ಟ್ 1ರಿಂದ ನಿಷೇಧಿಸಿತು. ಆ ನಗರದ ತಳಹದಿಯ ದೃಷ್ಟಿಯಿಂದ ಅದು ಸರಿಯಾದ ಕೆಲಸವೇ. ಆದರೆ ವೆನಿಸ್ ಎಂದು ನಂಬಿ ಹೋದವರಲ್ಲಿ ಹಲವರು ಇಳಿದದ್ದು ರವೆನ್ನಾದಲ್ಲಿ, ಅಲ್ಲಿಂದ ವೆನಿಸ್ಸಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಮಿಕ್ಕಿದ ದಾರಿ.

ಮಾರ್ಗ ಬದಲಾದಾಗ ಕಂಪನಿ ಏನು ಕೊಡುತ್ತದೆ? ಸಾಮಾನ್ಯವಾಗಿ ತಪ್ಪಿದ ಬಂದರಿನ ತೆರಿಗೆ ಮತ್ತು ಶುಲ್ಕ ಪ್ರಯಾಣಿಕರ ಹಡಗಿನ ಖಾತೆಗೆ ಜಮೆಯಾಗುತ್ತದೆ. ಹಡಗಿನವರ ಮೂಲಕವೇ ಕಾಯ್ದಿರಿಸಿದ ಊರು ಸುತ್ತಾಟದ ದುಡ್ಡು ವಾಪಸು ಬರುತ್ತದೆ. ನೀವೇ ಹುಡುಕಿ, ಕಡಿಮೆ ದರಕ್ಕೆ ಮಾತಾಡಿಕೊಂಡ ಗೈಡು, ಟ್ಯಾಕ್ಸಿ, ಪ್ರವೇಶದ ಟಿಕೆಟುಗಳ ದುಡ್ಡಿಗೆ ಕಂಪನಿ ಹೊಣೆಯಲ್ಲ. ಜೋಗ ತೋರಿಸುತ್ತೇವೆಂದು ಕರೆದುಕೊಂಡು ಹೋದ ಬಸ್ಸಿನವರು ಸಾಗರ ಪೇಟೆಯಲ್ಲೇ ಮುಖ ತಿರುಗಿಸಿ, ಜೋಗದ ಗೇಟಿನ ಟಿಕೆಟ್ ದುಡ್ಡು ಮಾತ್ರ ಕೈಗಿಟ್ಟ ಹಾಗೆ. ಕೇಳಿದರೆ ಒಪ್ಪಂದದ ಪುಟ ತೋರಿಸುತ್ತಾರೆ. ಯಾವ ಕಾರಣಕ್ಕೂ, ಯಾವ ಹೊತ್ತಿನಲ್ಲೂ, ಮುನ್ಸೂಚನೆ ಇಲ್ಲದೆಯೂ ಮಾರ್ಗ ಬದಲಿಸುವ ಹಕ್ಕು ತಮ್ಮದು ಎಂಬ ಷರತ್ತನ್ನು ದೊಡ್ಡ ಕ್ರೂಸ್ ಕಂಪನಿಗಳೆಲ್ಲ ಟಿಕೆಟ್ಟಿನ ಜೊತೆಗೇ ಇಟ್ಟಿರುತ್ತವೆ. ಪ್ರಯಾಣಿಕ ಕೊನೆಯ ವಾರದಲ್ಲಿ ಮನಸ್ಸು ಬದಲಿಸಿದರೆ ಕಟ್ಟಿದ ದುಡ್ಡಿನ ಬಹುಪಾಲು ಹೋಯಿತು. ಕಂಪನಿ ಕೊನೆಯ ಗಂಟೆಯಲ್ಲಿ ಮನಸ್ಸು ಬದಲಿಸಿದರೆ ಒಂದು ಪ್ರಕಟಣೆಯಲ್ಲಿ ಮುಗಿಯಿತು. ಒಂದೇ ಕಾಗದದ ಮೇಲೆ ಎರಡು ಅಳತೆಗೋಲು ಇರುವುದನ್ನು ನ್ಯಾಯ ಎನ್ನಲಾಗದು.

ಕೋರ್ಟಿಗೆ ಹೋಗೋಣ ಎಂದರೆ ಎಲ್ಲಿಯ ಕೋರ್ಟಿಗೆ? ಅದನ್ನೂ ಒಪ್ಪಂದವೇ ಹೇಳಿರುತ್ತದೆ. ಕಾರ್ನಿವಲ್ ಕಂಪನಿಯ ಟಿಕೆಟ್ಟಿನಲ್ಲಿ ವ್ಯಾಜ್ಯವೆಲ್ಲ ಫ್ಲಾರಿಡಾದಲ್ಲೇ ನಡೆಯಬೇಕು ಎಂದಿದ್ದ ಷರತ್ತನ್ನು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಎತ್ತಿಹಿಡಿಯಿತು. ದೂರು ಕೊಟ್ಟವರು ದೇಶದ ಇನ್ನೊಂದು ಮೂಲೆಯ ವಾಷಿಂಗ್ಟನ್ ರಾಜ್ಯದವರು. ದೇಶದೊಳಗಿನವರಿಗೇ ಹೀಗಾದರೆ, ಅಂಥದೇ ಷರತ್ತಿರುವ ಟಿಕೆಟ್ ಹಿಡಿದ ಬೆಂಗಳೂರಿನವರು ಎಲ್ಲಿಗೆ ಹೋಗಬೇಕು? 2013ರಲ್ಲಿ ಕ್ರೂಸ್ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಪ್ರಯಾಣಿಕರ ಹಕ್ಕುಗಳ ಪಟ್ಟಿಯೊಂದನ್ನು ತಾನೇ ಹೊರಡಿಸಿತು. ಯಂತ್ರ ಕೆಟ್ಟು ಯಾನವೇ ರದ್ದಾದರೆ ಪೂರ್ತಿ ದುಡ್ಡು, ನಡುವೆಯೇ ಮುಗಿದರೆ ಒಂದು ಭಾಗ ಎಂದು ಅದರಲ್ಲಿದೆ. ಯಾನ ನಡೆದು ಬಂದರು ಮಾತ್ರ ತಪ್ಪಿದರೆ ಇಂಥದೇ ಮರುಪಾವತಿಯ ಭರವಸೆ ಅದರಲ್ಲಿಲ್ಲ.

ಇನ್ನೊಂದು ಮಾತನ್ನೂ ಹೇಳದೆ ಬಿಡಲಾರೆ. ಬಂದರಿನಲ್ಲಿ ನಿಂತಾಗ ಸಾಮಾನ್ಯವಾಗಿ ಹಡಗಿನ ಕ್ಯಾಸಿನೊ, ತೆರಿಗೆರಹಿತ ಅಂಗಡಿ ಮುಚ್ಚಿರುತ್ತವೆ, ನಡುಗಡಲಿನಲ್ಲಿ ತೆರೆದಿರುತ್ತವೆ. ಊರಿನಲ್ಲಿ ಖರ್ಚಾಗಬೇಕಿದ್ದ ದುಡ್ಡು ಹಡಗಿನಲ್ಲೇ ಖರ್ಚಾಗುತ್ತದೆ. ಈ ಲಾಭಕ್ಕಾಗಿಯೇ ಬಂದರು ತಪ್ಪಿಸುತ್ತಾರೆ ಎಂದು ನಾನು ಹೇಳುತ್ತಿಲ್ಲ. ಬದಲಾವಣೆಯ ಹಕ್ಕೂ ಅದರ ಆದಾಯವೂ ಒಂದೇ ಕೈಯಲ್ಲಿರುವಾಗ, ಕಾರಣವನ್ನು ಬಿಡಿಸಿ ಹೇಳುವ ಹೊಣೆಯೂ ಆ ಕೈಯದೇ. ಆ ಹೊಣೆಯನ್ನು ಹೊರದಿದ್ದಾಗಲೇ ಪ್ರಯಾಣಿಕರಲ್ಲಿ ಅನುಮಾನ ಹುಟ್ಟುವುದು.

ಈ ಬಗೆಯ ಅನ್ಯಾಯಕ್ಕೆ ನ್ಯಾಯಾಲಯ ಕಿವಿಗೊಟ್ಟ ಒಂದು ಪ್ರಕರಣವನ್ನು ಹೆಚ್ಚು ಜನ ತಿಳಿದಿರಬೇಕು. 2013ರ ಜೂನ್ ಮೊದಲ ವಾರ ಮಧ್ಯ ಯುರೋಪಿನ ನದಿಗಳು ಉಕ್ಕಿದವು. ಡ್ಯಾನ್ಯೂಬ್ ದಡದ ಪಾಸೌ ಪಟ್ಟಣದಲ್ಲಿ ನೀರು 12.89 ಮೀಟರಿಗೆ ಏರಿತ್ತು. ಐದು ಶತಮಾನಗಳಲ್ಲಿ ಅಷ್ಟು ನೀರು ಕಂಡಿರಲಿಲ್ಲ. ಅದೇ ದಿನಗಳಲ್ಲಿ ಆಸ್ಟ್ರೇಲಿಯಾದ ಸೀನಿಕ್ ಟೂರ್ಸ್ ಕಂಪನಿ ಆಮ್‌ಸ್ಟರ್‌ಡ್ಯಾಮಿನಿಂದ ಬುಡಾಪೆಸ್ಟ್‌ವರೆಗಿನ ನದಿಯಾನಕ್ಕೆ ಜನರನ್ನು ಕರೆದೊಯ್ದಿತ್ತು. ಅವರಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆಗಿದ್ದ ಒಬ್ಬರಿದ್ದರು. ಬಸ್ಸಿನಲ್ಲಿ ಹೊತ್ತುಗಟ್ಟಲೆ ಕೂರಲಾಗದು ಎಂಬ ಕಾರಣಕ್ಕೇ ಅವರು ನದಿಯ ದಾರಿ ಆರಿಸಿಕೊಂಡದ್ದು; ಒಂದೇ ಕೋಣೆ, ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ಸಾಕು ಎಂಬ ನೆಮ್ಮದಿಗಾಗಿ. ನೀರು ಇಳಿಯಲಿಲ್ಲ, ಹಡಗು ಚಲಿಸಲಿಲ್ಲ. ಹತ್ತು ದಿನದ ಯಾನದಲ್ಲಿ ಅವರು ನದಿಯ ಮೇಲೆ ಸಾಗಿದ್ದು ಮೂರೇ ದಿನ. ಉಳಿದಂತೆ ಬಸ್ಸು, ಮತ್ತೆ ಬಸ್ಸು. ನಡುವೆ ಹಡಗು ಬದಲಾಯಿಸಬೇಕಾಯಿತು, ಪೆಟ್ಟಿಗೆ ಹೊರಬೇಕಾಯಿತು.

ಅವರು ಊರಿಗೆ ಮರಳಿ ಸುಮ್ಮನಾಗಲಿಲ್ಲ. ಸುಮಾರು 1,500 ಪ್ರಯಾಣಿಕರ ಪರವಾಗಿ ಮೊಕದ್ದಮೆ ಹೂಡಿದರು. ನೆರೆ ಬಂದದ್ದು ಕಂಪನಿಯ ತಪ್ಪೆಂದು ಯಾರೂ ವಾದಿಸಲಿಲ್ಲ. ನೆರೆಯ ಸೂಚನೆ ಇದ್ದಾಗ ಜನರಿಗೆ ಅದನ್ನು ತಿಳಿಸಿ, ಬೇಡದವರಿಗೆ ಹಿಂದೆ ಸರಿಯಲು ಅವಕಾಶ ಕೊಡಬೇಕಿತ್ತಲ್ಲವೇ ಎಂಬುದೇ ವಿವಾದದ ತಿರುಳು. ಕೆಳಗಿನ ನ್ಯಾಯಾಲಯ ಅವರ ಪರವಾಗಿ ಹೇಳಿತು. ಮೇಲ್ಮನವಿಯಲ್ಲಿ ನಿರಾಶೆಗೆಂದು ಕೊಟ್ಟ ಪರಿಹಾರ ರದ್ದಾಯಿತು. 2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಸರ್ವೋಚ್ಚ ಪೀಠ, ಮತ್ತೆ ಅವರ ಪರ ನಿಂತಿತು. ಸಂತೋಷ, ವಿಶ್ರಾಂತಿ ಕೊಡುತ್ತೇವೆಂದು ಹಣ ಪಡೆದವರು ಅದನ್ನು ಕೊಡದಿದ್ದರೆ ಆಗುವ ಮನಸ್ಸಿನ ನೋವೂ ನಷ್ಟವೇ, ಅದಕ್ಕೆ ಪರಿಹಾರ ಕೇಳಬಹುದು ಎಂಬುದು ಆ ತೀರ್ಪಿನ ಸಾರ. ಏಳು ವರ್ಷ ಹಿಡಿದ ಈ ಹೋರಾಟವನ್ನು ಶ್ರೀಮಂತರ ಹಠ ಎಂದು ತಳ್ಳಿಹಾಕುವವರು ಆ ಬೆನ್ನುನೋವನ್ನು ಒಮ್ಮೆ ನೆನೆಯಲಿ.

ಕನ್ನಡಿಗರ ಮನೆಗಳಿಗೂ ಈ ವಿಷಯ ಈಗ ದೂರದ್ದಲ್ಲ. ಅಮೆರಿಕದಲ್ಲಿರುವ ಮಕ್ಕಳು ಊರಿನಿಂದ ಬಂದ ಅಪ್ಪ ಅಮ್ಮನನ್ನು ಅಲಾಸ್ಕಾಕ್ಕೋ ಬಹಾಮಾಸಿಗೋ ಹಡಗಿನಲ್ಲಿ ಕರೆದೊಯ್ಯುವುದು ಸಾಮಾನ್ಯವಾಗಿದೆ. 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಿಂದ ಬಹಾಮಾಸ್ ಕಡೆಗೆ ಹೊರಡಬೇಕಿದ್ದ ಎಂಎಸ್‌ಸಿ ಮೆರಾವಿಲಿಯಾ ಹಡಗು ಹವಾಮಾನ ಕೆಟ್ಟದ್ದರಿಂದ ಉತ್ತರಕ್ಕೆ ತಿರುಗಿತು. ಬಿಸಿಲ ತೀರಕ್ಕೆಂದು ತೆಳು ಬಟ್ಟೆ ತುಂಬಿಕೊಂಡು ಬಂದವರು ಬೋಸ್ಟನ್ನಿನ, ಕೆನಡಾದ ಸೇಂಟ್ ಜಾನ್‌ನ ಚಳಿಗಾಲಕ್ಕೆ ಇಳಿದರು. ಭಾರತದ ಪಾಸ್‌ಪೋರ್ಟಿನ ತಂದೆ ತಾಯಿಗೆ ಇಂಥಲ್ಲಿ ಬಟ್ಟೆಗಿಂತ ದೊಡ್ಡ ತೊಡಕಿದೆ. ಅಮೆರಿಕದ ವಿಸಿಟರ್ ವೀಸಾ ಇದ್ದರೆ ಸಾಲದು, ಕೆನಡಾಕ್ಕೆ ಬೇರೆಯೇ ವೀಸಾ ಬೇಕು. ಮಾರ್ಗ ಬದಲಾದ ಸುದ್ದಿ ಹಿಂದಿನ ದಿನ ಬಂದರೆ ಯಾವ ದೂತಾವಾಸವೂ ಒಂದು ರಾತ್ರಿಯಲ್ಲಿ ವೀಸಾ ಕೊಡುವುದಿಲ್ಲ.

ದಡದಲ್ಲಿ ಕಾಯುವವರ ಪಾಡನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಮಂಗಳೂರಿನ ಪಣಂಬೂರಿನಲ್ಲಿರುವ ನವ ಮಂಗಳೂರು ಬಂದರಿಗೆ ನವೆಂಬರಿನಿಂದ ಬೇಸಿಗೆಯವರೆಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಹಡಗು ಬರುವ ಬೆಳಿಗ್ಗೆ ಚೆಂಡೆಯ ಸದ್ದು, ಯಕ್ಷಗಾನದ ವೇಷ, ಸಾಲುಗಟ್ಟಿ ನಿಂತ ಬಸ್ಸು ಟ್ಯಾಕ್ಸಿಗಳು. ಜನ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ ನೋಡಿ ಸಂಜೆಗೆ ಮರಳುತ್ತಾರೆ. ಹಡಗೊಂದು ಮಂಗಳೂರನ್ನು ಬಿಟ್ಟು ಮುಂದೆ ಹೋದರೆ ಆ ದಿನದ ಬಾಡಿಗೆ, ಗೈಡಿನ ಕೂಲಿ, ಅಂಗಡಿಯ ವ್ಯಾಪಾರ ಎಲ್ಲವೂ ಹೋದವು. ಟಿಕೆಟ್ಟಿನ ಒಪ್ಪಂದದಲ್ಲಿ ಅವರ ಹೆಸರೇ ಇರುವುದಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆಯೂ ಏಳುವುದಿಲ್ಲ.

ಪ್ರಯಾಣಿಕರಿಗಾದರೂ ದಾರಿ ಇಲ್ಲವೆಂದಲ್ಲ. ಯುರೋಪಿನ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸದ ಕಾನೂನು, ಹೊರಡುವ ಮುನ್ನ ಪ್ರವಾಸದ ಮುಖ್ಯ ಅಂಶ ಗಣನೀಯವಾಗಿ ಬದಲಾದರೆ ದಂಡವಿಲ್ಲದೆ ರದ್ದುಮಾಡಿ ಹಣ ಪಡೆಯುವ ಹಕ್ಕನ್ನು ಕೊಟ್ಟಿದೆ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಒಂದೇ ಕಡೆಗೆ ವಾಲಿದ ಅನ್ಯಾಯದ ಒಪ್ಪಂದವನ್ನು ರಾಜ್ಯ ಗ್ರಾಹಕ ಆಯೋಗದಲ್ಲಿ ಪ್ರಶ್ನಿಸಲು ದಾರಿಯಿದೆ. ಮುಂಬೈ, ಚೆನ್ನೈ, ಕೊಚ್ಚಿಯಿಂದ ದೇಶೀ ಕ್ರೂಸ್ ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಕೇಂದ್ರದ ಹಡಗು ಸಚಿವಾಲಯ ಕ್ರೂಸ್ ಪ್ರಯಾಣಿಕರಿಗೆಂದೇ ಮೂರು ನಿಯಮ ತರಬೇಕು: ಮಾರ್ಗ ಬದಲಾವಣೆ ತೀರ್ಮಾನವಾದ ಕೂಡಲೇ ಕಾರಣ ಸಮೇತ ತಿಳಿಸುವುದು, ಹೊರಡುವ ಮೊದಲಾದರೆ ಪೂರ್ತಿ ಹಣ ಪಡೆದು ಹಿಂದೆ ಸರಿಯಲು ಬಿಡುವುದು, ಅನುಮತಿ ಸಿಗದ ಬಂದರಿನ ಹೆಸರು ಹಾಕಿ ಟಿಕೆಟ್ ಮಾರದಿರುವುದು.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಹಣ ಕಟ್ಟುವ ಮೊದಲು ಮಾರ್ಗ ಬದಲಾವಣೆಯ ಷರತ್ತನ್ನು ಪೂರ್ತಿ ಓದಿ. ತಪ್ಪಿದ ಬಂದರಿಗೂ ಅನ್ವಯಿಸುವ ಪ್ರವಾಸ ವಿಮೆಯನ್ನೇ ಕೊಳ್ಳಿ. ಹಿರಿಯರ ಪಾಸ್‌ಪೋರ್ಟಿನಲ್ಲಿ ಅಕ್ಕಪಕ್ಕದ ದೇಶದ ವೀಸಾ ಇದೆಯೇ ನೋಡಿ. ಅವರು ಬಾಳಿನಲ್ಲಿ ಒಮ್ಮೆ ನೋಡಲೇಬೇಕೆಂದು ಆಸೆಪಟ್ಟ ಊರು ಒಂದೇ ಆಗಿದ್ದರೆ, ಅಲ್ಲಿಗೆ ಹಡಗನ್ನು ನಂಬಿಕೊಂಡು ಹೋಗಬೇಡಿ. ವಿಮಾನದಲ್ಲೋ ರೈಲಿನಲ್ಲೋ ನೇರವಾಗಿ ಕರೆದುಕೊಂಡು ಹೋಗಿ.