ಅರಳು ಮರಳೋ, ಕಣ್ಣಿನ ಪೊರೆಯೋ?

"ಅಮ್ಮನಿಗೆ ಅರಳು ಮರಳು, ಅವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ." ಮನೆಗೆ ಬಂದವರ ಮುಂದೆ ನಾವು ಈ ಮಾತನ್ನು ಎಷ್ಟು ಸುಲಭವಾಗಿ ಆಡಿಬಿಡುತ್ತೇವೆ! ತಾಯಿ ನೆಂಟರ ಗುರುತು ಹಿಡಿಯಲಿಲ್ಲ, ಉಪ್ಪಿನ ಬದಲು ಸಕ್ಕರೆ ಹಾಕಿದರು, ಪ್ರಾರ್ಥನೆ ಪುಸ್ತಕ ತೆರೆಯುವುದನ್ನೇ ಬಿಟ್ಟರು. ಇಷ್ಟು ಕಂಡರೆ ಸಾಕು, ನಮ್ಮ ತೀರ್ಪು ಸಿದ್ಧ. ಆದರೆ ಅವರ ಕಣ್ಣು ಪರೀಕ್ಷೆ ಮಾಡಿಸಿದ್ದೇವೆಯೇ?

ಪವಿತ್ರ ಗ್ರಂಥದ ತೊಬೀತನನ್ನು ನೆನೆಯೋಣ. ಕಣ್ಣಿಗೆ ಬಿಳಿ ಪೊರೆ ಬಂದು ಆತ ಕುರುಡನಾದ. ಹೆಂಡತಿಗೆ ಕೂಲಿಯ ಜೊತೆ ಉಡುಗೊರೆಯಾಗಿ ಬಂದ ಆಡಿನ ಮರಿಯ ಕೂಗು ಕೇಳಿ, ಅದು ಕದ್ದದ್ದೆಂದು ಹಟ ಹಿಡಿದ. ಇಂದಾಗಿದ್ದರೆ "ಮುದುಕನಿಗೆ ಬುದ್ಧಿ ಕೆಟ್ಟಿದೆ" ಎನ್ನುತ್ತಿದ್ದೆವು. ಕೆಟ್ಟದ್ದು ಬುದ್ಧಿಯಲ್ಲ, ಕಣ್ಣು.

ಕಣ್ಣಿಗೂ ಮರೆವಿಗೂ ಇರುವ ನಂಟನ್ನು ವೈದ್ಯರೂ ಗಮನಿಸಿದ್ದಾರೆ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ತಡೆಯಲು ಯತ್ನಿಸಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಪಟ್ಟಿ ಮಾಡಿತು. ಚಿಕಿತ್ಸೆಯಿಲ್ಲದ ದೃಷ್ಟಿದೋಷ ಆ ವರ್ಷ ಹೊಸದಾಗಿ ಅದರಲ್ಲಿ ಸೇರಿತು. 2021ರ ಕೊನೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 65 ದಾಟಿದ 3,000ಕ್ಕೂ ಹೆಚ್ಚು ಜನರನ್ನು ಗಮನಿಸಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡವರಲ್ಲಿ ಈ ಕಾಯಿಲೆಯ ಸಂಭವ ಸುಮಾರು ಶೇಕಡಾ 30ರಷ್ಟು ಕಡಿಮೆ ಕಂಡಿತು. ಪೊರೆ ತೆಗೆದದ್ದೇ ಇದಕ್ಕೆ ಕಾರಣವೆಂದು ಇಷ್ಟರಿಂದಲೇ ಖಚಿತವಾಗಿ ಹೇಳಲಾಗದು. ಆದರೂ ಕಣ್ಣು ಮಂಜಾದಾಗ ಓದು, ನಡಿಗೆ, ನಾಲ್ಕು ಜನರ ಒಡನಾಟ ಒಂದೊಂದಾಗಿ ನಿಲ್ಲುವುದನ್ನು ನಾವೇ ಕಂಡಿದ್ದೇವೆ. ಮಿದುಳಿಗೂ ಅಷ್ಟರಮಟ್ಟಿಗೆ ಕೆಲಸ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ದೃಷ್ಟಿ ಕುಂದಿದ ಕೆಲವರಿಗೆ ಇಲ್ಲದ ಜನರು, ಆಕೃತಿಗಳು ಕಾಣಿಸುವುದುಂಟು. ಬುದ್ಧಿ ಚೆನ್ನಾಗಿದ್ದ ತನ್ನ ಅಜ್ಜನಿಗೇ ಹೀಗಾದುದನ್ನು ಸ್ವಿಸ್ ವಿದ್ವಾಂಸ ಚಾರ್ಲ್ಸ್ ಬಾನೆ 1760ರಲ್ಲೇ ಬರೆದಿಟ್ಟ. ಇಂಥದನ್ನು ಹೇಳಿಕೊಂಡರೆ ಹುಚ್ಚು ಎಂದಾರೆಂಬ ಭಯದಿಂದ ಎಷ್ಟೋ ಹಿರಿಯರು ಬಾಯಿ ಬಿಡುವುದಿಲ್ಲ.

ಹಾಗಾದರೆ ನಾವು ಏಕೆ ವಿಚಾರಿಸುವುದಿಲ್ಲ? ಒಳಗನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ಅರಳು ಮರಳು ಎಂದುಬಿಟ್ಟರೆ ನಮ್ಮ ಹೊಣೆ ಮುಗಿಯಿತು. ಕಣ್ಣಿನ ದೋಷವೆಂದರೆ ಆಸ್ಪತ್ರೆಗೆ ಕರೆದೊಯ್ಯಬೇಕು, ರಜೆ ಹಾಕಬೇಕು, ಹೊತ್ತು ಹೊತ್ತಿಗೆ ಔಷಧಿಯ ಹನಿ ಹಾಕಬೇಕು. "ಈ ವಯಸ್ಸಿಗೆ ನನಗೇಕೆ ಖರ್ಚು?" ಎಂದು ತಾಯಿಯೇ ಅಂದರೆ ನಮಗೆ ಒಳಗೊಳಗೇ ನಿರಾಳ. ಖರ್ಚಿನ ನೆಪವೂ ನಿಲ್ಲದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತವಾಗಿ ನಡೆಯುತ್ತದೆ. ತಂದೆತಾಯಿಯರನ್ನು ಗೌರವಿಸು ಎಂಬ ನಾಲ್ಕನೆಯ ಕಟ್ಟಳೆ ಇಂಥ ಕಡೆಯೇ ನಮ್ಮನ್ನು ತಡೆದು ಕೇಳುತ್ತದೆ.

ಚಿಕಿತ್ಸೆಯ ಮೇಲೂ ಮರೆವು ಉಳಿಯಬಹುದು, ಹೆಚ್ಚಲೂಬಹುದು. ಆಗ ಸಿರಾಖನ ಗ್ರಂಥದ ಬುದ್ಧಿಮಾತು ನಮಗಿದೆ: ತಂದೆಯ ಬುದ್ಧಿ ಕುಂದಿದರೂ ಮಗನು ತಾಳ್ಮೆಯಿಂದಿರಬೇಕು. ಆದರೆ ತಾಳ್ಮೆಗೂ ಮೊದಲು ವಿಚಾರಣೆ ಬೇಕು.

ತೊಬೀತನ ಮಗ ದೂರದ ಪ್ರಯಾಣದಿಂದ ಮದ್ದು ತಂದು, ತನ್ನ ಕೈಯಿಂದಲೇ ತಂದೆಯ ಕಣ್ಣಿಗೆ ಹಚ್ಚಿ ಪೊರೆ ಸುಲಿದ. ತಂದೆ ಕಣ್ಣು ತೆರೆದಾಗ ಕಂಡದ್ದು ಮಗನ ಮುಖ. ನಮ್ಮ ಮನೆಯಲ್ಲಿ ಮೂಲೆಯ ಕುರ್ಚಿಯಲ್ಲಿ ಕುಳಿತ ಅಮ್ಮನಿಗೆ ನಮ್ಮ ಮುಖ ಕಾಣುತ್ತಿದೆಯೇ? ಇಂದೇ ಹತ್ತಿರ ಕುಳಿತು ಕೇಳೋಣ.