ಮೊದಲೇ ಗೊತ್ತಿದ್ದ ಗಂಡ

ಆರು ವರ್ಷದ ಹುಡುಗಿಯೊಬ್ಬಳು ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಆಡುತ್ತಿದ್ದಾಳೆ. ಗಿಡಗಳ ಮರೆಯಿಂದ ಮೂವತ್ತಾರು ವರ್ಷದ ಗಂಡಸೊಬ್ಬ ಅವಳನ್ನು ಹೆಸರು ಹಿಡಿದು ಮಾತನಾಡಿಸುತ್ತಾನೆ. ಮೈಮೇಲೆ ಬಟ್ಟೆಯಿಲ್ಲ. ಹುಡುಗಿ ಹೊದಿಕೆಯಂಥದ್ದೇನನ್ನೋ ಕೊಡುತ್ತಾಳೆ. ಅವನು ಯಾರೆಂದು ಅವಳಿಗೆ ಗೊತ್ತಿಲ್ಲ. ಅವಳು ಯಾರೆಂದು ಅವನಿಗೆ ಚೆನ್ನಾಗಿಯೇ ಗೊತ್ತು: ಅವನ ಹೆಂಡತಿ. ಅವನ ಲೆಕ್ಕದಲ್ಲಿ ಮದುವೆ ಆಗಿಹೋಗಿದೆ, ಅವಳ ಲೆಕ್ಕದಲ್ಲಿ ಇನ್ನೂ ಹಾಲುಹಲ್ಲು ಬಿದ್ದಿಲ್ಲ.

ಇದು ಅಮೆರಿಕದ ಲೇಖಕಿ ಆಡ್ರಿ ನಿಫೆನೆಗರ್ ಅವರ ‘ದಿ ಟೈಮ್ ಟ್ರಾವೆಲರ್ಸ್ ವೈಫ್’ ಕಾದಂಬರಿಯಲ್ಲಿ ಬರುವ ಪ್ರಸಂಗ. ‘ಕಾಲಯಾತ್ರಿಕನ ಹೆಂಡತಿ’ ಎಂದು ನಾವು ಕರೆದುಕೊಳ್ಳಬಹುದು. 2003ರಲ್ಲಿ ಪ್ರಕಟವಾಗಿ ಲೋಕದ ತುಂಬ ಓದಿಸಿಕೊಂಡ ಪುಸ್ತಕ. 2009ರಲ್ಲಿ ಸಿನಿಮಾ ಆಯಿತು, 2022ರಲ್ಲಿ ಟಿ.ವಿ. ಧಾರಾವಾಹಿಯಾಗಿ ಒಂದೇ ಕಂತುಮಾಲೆಗೆ ನಿಂತಿತು. ಕಥಾನಾಯಕ ಹೆನ್ರಿ ಶಿಕಾಗೋದ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವವನು. ಅವನಿಗೊಂದು ವಂಶವಾಹಿ ದೋಷ. ಯಾವ ಗಳಿಗೆಯಲ್ಲಾದರೂ ಇದ್ದಲ್ಲಿಂದ ಮಾಯವಾಗಿ ಬೇರೊಂದು ಕಾಲದಲ್ಲಿ ಬೀಳುತ್ತಾನೆ, ತೊಟ್ಟ ಬಟ್ಟೆ ಹಿಂದೆಯೇ ಉಳಿಯುತ್ತದೆ. ಹಾಗೆ ಬೀಳುವಾಗ ಎಷ್ಟೋ ಸಲ ಕ್ಲೇರ್ ಎಂಬ ಆ ಹುಡುಗಿಯ ಬಾಲ್ಯಕ್ಕೆ ಬರುತ್ತಾನೆ. ತಾನು ಮುಂದೆ ಯಾವ ಯಾವ ದಿನ ಬರುತ್ತೇನೆಂದು ದಿನಾಂಕಗಳ ಪಟ್ಟಿ ಬರೆಸುತ್ತಾನೆ. ಅವಳು ಪಟ್ಟಿ ನೋಡಿಕೊಂಡು ಕಾಯುತ್ತಾಳೆ, ಅವಳಿಗೆ ಹದಿನೆಂಟು ತುಂಬುವವರೆಗೆ ಅವನೂ ಕಾಯುತ್ತಾನೆ.

ಶಿವಮೊಗ್ಗದಿಂದ ಭದ್ರಾವತಿಯ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವಳು ನಾನು. ಇಪ್ಪತ್ತು ಕಿಲೋಮೀಟರಿನ ಆ ದಾರಿಯಲ್ಲಿ, ಸೀಟು ಸಿಕ್ಕ ದಿನಗಳಲ್ಲಿ ಮಾತ್ರ, ತಿಂಗಳೊಂದರಲ್ಲಿ ಇದನ್ನು ಓದಿ ಮುಗಿಸಿದೆ. ಮುಗಿಸಿದ ದಿನ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಪಕ್ಕದಲ್ಲಿದ್ದ ಅಜ್ಜಿ ಯಾರು ತೀರಿಕೊಂಡರೆಂದು ಕೇಳಿದರು.

ಪುಸ್ತಕ ಬಂದ ಹೊಸದರಲ್ಲಿ ವಿಮರ್ಶಕರು ಹೆಚ್ಚಾಗಿ ಅದನ್ನು ಪ್ರೇಮಕಥೆಯೆಂದೇ ಕೊಂಡಾಡಿದರು. ಇಪ್ಪತ್ತು ವರ್ಷ ಗಂಡನಿಗಾಗಿ ಕಾದ ಗ್ರೀಕರ ಪೆನೆಲೊಪಿಯ ನೆನಪು ಮಾಡಿಕೊಂಡರು. ಕಾಲದ ಗಂಟು ಬಿಡಿಸಲಾಗದಷ್ಟು ಸಿಕ್ಕಾಯಿತೆಂದು ಗೊಣಗಿದವರೂ ಇದ್ದರು. 2022ರಲ್ಲಿ ಧಾರಾವಾಹಿ ಬಂದಾಗ ಗಾಳಿ ತಿರುಗಿತ್ತು. ದೊಡ್ಡ ಗಂಡಸೊಬ್ಬ ಚಿಕ್ಕ ಹುಡುಗಿಯ ಮನಸ್ಸನ್ನು ವರ್ಷಗಟ್ಟಲೆ ತನಗೆ ಬೇಕಾದಂತೆ ಪಳಗಿಸಿಕೊಳ್ಳುವ ಕಥೆಯನ್ನು ಪ್ರೇಮ ಎನ್ನುವುದು ಹೇಗೆ ಎಂದು ಕೇಳಿದರು. ಪುಸ್ತಕದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಓದುವವರ ಕಣ್ಣು ಬದಲಾಗಿತ್ತು. ನಮ್ಮಲ್ಲೂ ಅಷ್ಟೇ. 2012ರಲ್ಲಿ ಪೋಕ್ಸೊ ಕಾಯ್ದೆ ಬಂದ ಮೇಲೆ ಶಾಲೆಯ ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ಮಕ್ಕಳಿಗೆ ಚಾಕಲೇಟು ಕೊಡುವವರನ್ನು, ಗುಟ್ಟು ಹೇಳಿಕೊಡುವವರನ್ನು ಗಮನಿಸಿ ಎಂದರು. ಆ ಪಾಠ ಕೇಳಿದವಳಿಗೆ ಹುಲ್ಲುಗಾವಲಿನ ಹೆನ್ರಿ ಮೊದಲಿನಂತೆ ಕಾಣುವುದಿಲ್ಲ.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳಿದೆ. ಹೊಸದಾಗಿ ಬಂದ ಇಂಗ್ಲಿಷ್ ಶಿಕ್ಷಕಿ, ಇನ್ನೂ ಮೂವತ್ತರ ಒಳಗಿನವಳು, ಸಿಡಿದೆದ್ದಳು. “ಅವನನ್ನ ಜೈಲಿಗೆ ಹಾಕ್ಬೇಕು ಮೇಡಂ, ನೀವು ಅತ್ತಿದ್ದೀರಲ್ಲ!” ಇನ್ನೆರಡು ವರ್ಷಕ್ಕೆ ನಿವೃತ್ತರಾಗುವ ಹೊಲಿಗೆ ಶಿಕ್ಷಕಿ ಟಿಫಿನ್ ಡಬ್ಬಿ ಮುಚ್ಚುತ್ತ ತಣ್ಣಗೆ ಹೇಳಿದರು: “ಅಯ್ಯೋ, ಇದರಲ್ಲೇನಮ್ಮ ಹೊಸದು? ನನ್ನ ಗಂಡ ನನ್ನನ್ನ ತೊಟ್ಟಿಲಲ್ಲೇ ನೋಡಿದ್ದರು.”

ಅವರನ್ನು ಸೋದರಮಾವನಿಗೇ ಕೊಟ್ಟಿದ್ದರು.

ಆ ಮಾತಿನ ಮೇಲೆ ನನಗೆ ಪುಸ್ತಕವೇ ಬೇರೆಯಾಗಿಬಿಟ್ಟಿತು. ಅಮೆರಿಕದವರಿಗೆ ಕಾಲಯಂತ್ರ ಬೇಕಾಯಿತು, ನಮಗೆ ಅದರ ಅಗತ್ಯವೇ ಇರಲಿಲ್ಲ ನೋಡಿ. ಅಕ್ಕನಿಗೆ ಹೆಣ್ಣು ಹುಟ್ಟಿದರೆ ತಮ್ಮನಿಗೆ ಹೆಂಡತಿ ಹುಟ್ಟಿದಳು ಎನ್ನುವ ಮನೆಗಳು ನಮ್ಮ ಕಡೆ ಎಷ್ಟಿಲ್ಲ? 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಕೂಡದೆಂದು ಹೇಳಿಯೂ, ಸಂಪ್ರದಾಯವಿದ್ದರೆ ಸರಿ ಎಂದು ಬಾಗಿಲು ತೆರೆದೇ ಇಟ್ಟಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಸುಮಾರು ಕಾಲು ಭಾಗ ಸಂಬಂಧದಲ್ಲೇ ಮದುವೆಯಾದವರು. ಎಲ್ಲರೂ ಸೋದರಮಾವನನ್ನೇ ಕೈಹಿಡಿದವರಲ್ಲ, ಅತ್ತೆಯ ಮಗ, ಮಾವನ ಮಗ ಎಲ್ಲ ಸೇರಿ. ವೈದ್ಯರು ಹುಟ್ಟುವ ಮಕ್ಕಳ ಆರೋಗ್ಯದ ಮಾತೆತ್ತುತ್ತಾರೆ, ಎತ್ತಲೇಬೇಕು. ನಾನು ಹೇಳುತ್ತಿರುವುದು ಇನ್ನೊಂದು ವಿಚಾರ.

ನನ್ನ ಚಿಕ್ಕಮ್ಮನನ್ನು ಅಜ್ಜಿಯ ತಮ್ಮನಿಗೆ ಕೊಟ್ಟದ್ದು. ಹದಿಮೂರು ವರ್ಷದ ಅಂತರ. ಅವರು ಶಿವಮೊಗ್ಗದ ಗಾಂಧಿ ಬಜಾರಿನಿಂದ ಬಳೆ, ರಿಬ್ಬನ್ನು, ಬತ್ತಾಸು ತಂದುಕೊಡುತ್ತಿದ್ದರಂತೆ. ಅವರು ಬಾಗಿಲಿಗೆ ಬಂದರೆ ಮನೆಯವರೆಲ್ಲ “ನಿನ್ನ ಗಂಡ ಬಂದ, ಕಾಲಿಗೆ ನೀರು ಕೊಡು” ಎಂದು ನಗುತ್ತಿದ್ದರು. ಐದು ವರ್ಷದ ಹುಡುಗಿ ಚೊಂಬು ಹಿಡಿದು ಓಡುತ್ತಿತ್ತು. ಮಾವ ಒಳ್ಳೆಯವರು. ಚಿಕ್ಕಮ್ಮನಿಗೆ ಹದಿನೆಂಟಾದ ಮೇಲೆ ಮದುವೆ, ನಲವತ್ತು ವರ್ಷದ ಸಂಸಾರ, ಒಂದು ಗಟ್ಟಿ ಮಾತು ಆಡಿದವರಲ್ಲ. ಅವರಿಗೆ ಎಪ್ಪತ್ತಾದ ಮೇಲೆ ನಾನೊಮ್ಮೆ ಕೇಳಿದ್ದೆ: “ಚಿಕ್ಕಮ್ಮ, ನಿಮಗೆ ಮಾವನ ಮೇಲೆ ಪ್ರೀತಿ ಇತ್ತಾ?” ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇತ್ತು ಕಣೇ. ಆದರೆ ಬೇರೆ ಥರ ಇರಬಹುದಿತ್ತು ಅಂತ ನನಗೆ ಯಾವತ್ತೂ ಹೊಳೀಲೇ ಇಲ್ಲ. ಹೊಳೀದೆ ಇದ್ದದ್ದಕ್ಕೆ ಪ್ರೀತಿ ಅಂತಾರಾ?” ಎಂದರು.

ಕ್ಲೇರಳನ್ನು ಕುರಿತು ವಿಮರ್ಶಕರು ಬರೆದದ್ದೆಲ್ಲವನ್ನೂ ನನ್ನ ಚಿಕ್ಕಮ್ಮ ಒಂದೇ ಪ್ರಶ್ನೆಯಲ್ಲಿ ಕೇಳಿಬಿಟ್ಟಿದ್ದರು. ಅವರು ಓದಿದ್ದು ಏಳನೇ ಇಯತ್ತೆ.

ಹೆನ್ರಿಯ ಪರವಾಗಿ ಮಾತಾಡುವವರ ವಾದ ಹುರುಳಿಲ್ಲದ್ದಲ್ಲ. ಒಂದನೆಯದಾಗಿ, ಅವನು ಬೇಕೆಂದು ಬಂದವನಲ್ಲ, ಕಾಲ ಎತ್ತಿ ಎಸೆದದ್ದು. ಎರಡನೆಯದಾಗಿ, ಆಟ ಒಂದು ಕಡೆಯದಲ್ಲ. ನಿಜಕಾಲದಲ್ಲಿ ಅವರಿಬ್ಬರೂ ಮೊದಲು ಎದುರಾಗುವುದು ಗ್ರಂಥಾಲಯದಲ್ಲಿ, ಅವಳಿಗೆ ಇಪ್ಪತ್ತು, ಅವನಿಗೆ ಇಪ್ಪತ್ತೆಂಟು. ಆಗ ಎಲ್ಲ ಗೊತ್ತಿರುವವಳು ಅವಳು, ಏನೂ ಗೊತ್ತಿಲ್ಲದವನು ಅವನು. ಆ ಉಡಾಳನನ್ನು ತಿದ್ದಿ ತಾನು ಬಾಲ್ಯದಲ್ಲಿ ಕಂಡ ಹೆನ್ರಿಯನ್ನಾಗಿ ಮಾಡಿಕೊಳ್ಳುವವಳೂ ಅವಳೇ. ಇದನ್ನು ಹೇಳಿದರೆ ನಮ್ಮ ಇಂಗ್ಲಿಷ್ ಶಿಕ್ಷಕಿ, “ಇಪ್ಪತ್ತೆಂಟರವನಿಗೆ ಬೇಡ ಅನ್ನೋಕೆ ಬಾಯಿತ್ತಲ್ಲ ಮೇಡಂ, ಆರು ವರ್ಷದ ಮಗುಗೆ ಎಲ್ಲಿತ್ತು?” ಎಂದಳು. ಅವಳ ಮಾತು ಸರಿ ಎಂದೇ ನನಗೂ ಕಂಡಿತು.

ಮೊದಲನೆಯ ವಾದ ಮಾತ್ರ ಕುತೂಹಲದ್ದು, ಏಕೆಂದರೆ ಅದು ನಮಗೆ ಹಳೆಯ ಪರಿಚಯ. ಮಹಾಭಾರತದ ದುಷ್ಯಂತ ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಗೊತ್ತಿದ್ದೂ ಗೊತ್ತಿಲ್ಲವೆನ್ನುತ್ತಾನೆ. ಕಾಳಿದಾಸನ ಕೈಗೆ ಬಂದಾಗ ಅಲ್ಲೊಂದು ದೂರ್ವಾಸರ ಶಾಪ ಸೇರಿಕೊಂಡು ರಾಜನ ಮರೆವು ಅವನ ತಪ್ಪಲ್ಲವೆಂದಾಯಿತು. ಕಾವ್ಯವೇನೋ ಸೊಗಸಾಯಿತು, ಗಂಡಸು ನಿರಪರಾಧಿಯಾದ. ಹೆನ್ರಿಯ ವಂಶವಾಹಿ ದೋಷ ದೂರ್ವಾಸರ ಶಾಪದ ಹೊಸ ಹೆಸರು. ಆದದ್ದು ಆಗಿಹೋಗಿದೆ, ಬದಲಿಸಲಾಗದು ಎಂಬ ನಿಯಮ ಆ ಕಾದಂಬರಿಯಲ್ಲಿದೆ. ಅದು ಪ್ರಕೃತಿಯ ನಿಯಮವಲ್ಲ, ಲೇಖಕಿ ಮಾಡಿದ ಏರ್ಪಾಡು. ನಮ್ಮ ಹಟ್ಟಿ ಹಜಾರಗಳಲ್ಲಿ ಅದರ ಹೆಸರು ‘ಮಾತು ಕೊಟ್ಟಾಗಿದೆ’.

ಪುರಾಣದಲ್ಲಿ ಕಾಲಯಾತ್ರೆಯ ಮದುವೆಯೂ ಇದೆಯಲ್ಲ! ಕಕುದ್ಮಿ ಎಂಬ ರಾಜ ಮಗಳು ರೇವತಿಗೆ ವರ ಯಾರೆಂದು ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಹಾಡು ನಡೆಯುತ್ತಿತ್ತು, ಮುಗಿಯಲೆಂದು ಕಾದ. ಹಾಡು ಮುಗಿಯುವಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದಿದ್ದವು. ಅವನು ಪಟ್ಟಿ ಮಾಡಿಕೊಂಡು ಹೋಗಿದ್ದ ವರಗಳ ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. ಬ್ರಹ್ಮ ಹೇಳಿದಂತೆ ಬಲರಾಮನಿಗೆ ಕೊಟ್ಟ. ಹಿಂದಿನ ಯುಗದವಳಾದ್ದರಿಂದ ಬಹಳ ಎತ್ತರವಿದ್ದ ರೇವತಿಯನ್ನು ಬಲರಾಮ ನೇಗಿಲ ತುದಿಯಿಂದ ಒತ್ತಿ ತನ್ನ ಕಾಲದ ಹೆಂಗಸರ ಅಳತೆಗೆ ಇಳಿಸಿದನೆಂದು ವಿಷ್ಣುಪುರಾಣ ಹೇಳುತ್ತದೆ. ಕಥೆ ಹೇಳುವವರೆಲ್ಲ ಕಾಲದ ಮಹಿಮೆ ಹೇಳಿ ಕೈಮುಗಿಯುತ್ತಾರೆ. ತಾಯಿ, ಗೆಳತಿಯರು, ಊರು ಎಲ್ಲ ಒಂದು ಹಾಡಿನ ಹೊತ್ತಿನಲ್ಲಿ ಇಲ್ಲವಾದದ್ದು ರೇವತಿಗೆ ಹೇಗನಿಸಿತೆಂದು ಯಾರೂ ಕೇಳಿದಂತಿಲ್ಲ. ನೇಗಿಲು ನೋಯಿತೇ ಎಂದೂ ಕೇಳಿಲ್ಲ.

ಇಷ್ಟು ಹೇಳಿದ ಮೇಲೆ, ಪುಸ್ತಕ ಓದಿ ಅತ್ತವರನ್ನು ಆಡಿಕೊಳ್ಳುವ ಪಕ್ಷಕ್ಕೆ ನಾನು ಸೇರುವುದಿಲ್ಲ. ಆ ಪಕ್ಷವನ್ನು ನಾವು ಬಹಳ ಕಾಲದಿಂದ ಬಲ್ಲೆವು. ತ್ರಿವೇಣಿಯವರ, ಅನುಪಮಾ ನಿರಂಜನರ, ನಮ್ಮ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದವರು ಕಡಿಮೆಯೇ? ತ್ರಿವೇಣಿ ಬದುಕಿದ್ದು 1928ರಿಂದ 1963ರವರೆಗೆ, ಅಷ್ಟರಲ್ಲೇ ಹೆಂಗಸಿನ ಮನಸ್ಸು ಕೆಡುವುದು ಹೇಗೆಂದು ‘ಶರಪಂಜರ’ದಲ್ಲಿ ತೋರಿಸಿದರು. ಇಂದಿರಾ 1976ರಲ್ಲಿ ‘ಫಣಿಯಮ್ಮ’ ಬರೆದಾಗ ಅಡುಗೆಮನೆಯ ಕತ್ತಲೆಯಿಂದಲೇ ಒಂದು ನೂರ್ಕಾಲದ ಅನ್ಯಾಯ ಹೊರಬಂತು. ಭದ್ರಾವತಿಯ ನ್ಯೂ ಟೌನ್, ಪೇಪರ್ ಟೌನುಗಳಲ್ಲಿ ಗಂಡ ರಾತ್ರಿ ಪಾಳಿಗೆ ಹೋದ ಮೇಲೆ ಬಾಡಿಗೆಗೆ ತಂದ ಕಾದಂಬರಿ ಹಿಡಿದು ಕೂತ ಹೆಂಗಸರನ್ನು ನಾನು ಬಲ್ಲೆ. ಅವರ ಮನೆಗಳಲ್ಲೂ ಗೋಡೆಯ ಮೇಲೆ ದಿನಾಂಕಗಳ ಪಟ್ಟಿಯಿತ್ತು, ಪಾಳಿಯ ಪಟ್ಟಿ. ಕಾರ್ಖಾನೆಯ ಕೂಗು ಕೇಳಿದ ಮೇಲೆ ಸೈಕಲ್ಲಿನ ಸದ್ದಿಗೆ ಕಿವಿಯಿಟ್ಟು ಕೂರುವವರಿಗೆ ಕ್ಲೇರಳ ಕಾಯುವಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಅವರು ಅಳುವುದು ಮೋಸಹೋಗಿ ಅಲ್ಲ, ಕಾಯುವುದೆಂದರೆ ಏನೆಂದು ಗೊತ್ತಿದ್ದು. ಅತ್ತ ಮೇಲೂ ಪ್ರಶ್ನೆ ಕೇಳಲು ಬರುತ್ತದೆ ಎಂಬುದು ಮೂಗು ಮುರಿಯುವವರಿಗೆ ತಿಳಿಯದ ಸಂಗತಿ.

ಕಾದಂಬರಿಯಲ್ಲಿ ನನಗೆ ಸಿಟ್ಟು ತರಿಸಿದ್ದು ಹುಲ್ಲುಗಾವಲಲ್ಲ, ಪತ್ರ. ಹೆನ್ರಿ ನಲವತ್ತಮೂರನೆಯ ವಯಸ್ಸಿಗೆ ಸಾಯುತ್ತಾನೆ. ಹೆಂಡತಿಗೆ ಬರೆದಿಟ್ಟ ಪತ್ರದಲ್ಲಿ, ನನಗಾಗಿ ಕಾಯಬೇಡ, ಲೋಕದಲ್ಲಿ ಬದುಕು ಎನ್ನುತ್ತಾನೆ. ಬಹಳ ದೊಡ್ಡ ಮಾತು. ಆದರೆ ಅದೇ ಪತ್ರದಲ್ಲಿ, ನೀನು ಮುದುಕಿಯಾದಾಗ ನಾನೊಮ್ಮೆ ನಿನ್ನ ಬಳಿ ಬರುತ್ತೇನೆ, ಅದನ್ನು ನೋಡಿಬಂದಿದ್ದೇನೆ ಎಂದೂ ತಿಳಿಸಿಬಿಡುತ್ತಾನೆ! ಅಷ್ಟು ತಿಳಿದ ಮೇಲೆ ಯಾವ ಹೆಣ್ಣು ಕಾಯದೆ ಇದ್ದಾಳು? ಎಂಬತ್ತೆರಡರ ಕ್ಲೇರ್ ಕಿಟಕಿಯ ಬಳಿ ಕೂತಿರುತ್ತಾಳೆ. ಬಿಟ್ಟುಕೊಡುತ್ತೇನೆಂದು ಬಾಯಲ್ಲಿ ಹೇಳಿ ಕೈಯಲ್ಲಿ ಹಗ್ಗದ ತುದಿ ಹಿಡಿದವನ ಪತ್ರ ಅದು.

ಹಗ್ಗ ಬಿಟ್ಟವನೊಬ್ಬನನ್ನು ನಾನು ಭದ್ರಾವತಿಯಲ್ಲಿ ಕಂಡಿದ್ದೇನೆ. ಹದಿನೈದು ವರ್ಷದ ಹಿಂದೆ ನನ್ನ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಚುರುಕು. ಅವಳನ್ನು ಸೋದರಮಾವನಿಗೆಂದು ಹುಟ್ಟಿದಾಗಲೇ ಮಾತಾಡಿಟ್ಟಿದ್ದರು. ಪಿಯುಸಿಗೆ ಕಳಿಸುವುದಿಲ್ಲ, ಹದಿನೆಂಟಾಗುತ್ತಲೇ ಮದುವೆ ಎಂದಾಗ ನಾನು ಮನೆಗೆ ಹೋಗಿ ತಾಯಿಯ ಜೊತೆ ಮಾತಾಡಿದೆ. “ನನ್ನ ತಮ್ಮ ಅವಳನ್ನ ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದೋನು ಮಿಸ್. ಅವನಿಗಿಂತ ಚೆನ್ನಾಗಿ ನೋಡ್ಕೊಳ್ಳೋರು ಯಾರಿದ್ದಾರೆ ಹೇಳಿ” ಎಂದರು ಆಕೆ. ನನ್ನ ಬಳಿ ಆ ಮಾತಿಗೆ ಉತ್ತರವಿರಲಿಲ್ಲ, ಏಕೆಂದರೆ ಅದು ನಿಜವಾಗಿತ್ತು.

ಆ ಮಾವ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ನಾನು ಬಂದುಹೋದದ್ದು ತಿಳಿದು ವಾರದ ಮೇಲೆ ಬಂದು, ಎಲ್ಲರೆದುರು, “ಆ ಮಾತು ಇವತ್ತಿಗೆ ಮುಗೀತು ಅಕ್ಕ. ಅವಳು ಓದಲಿ” ಎಂದನಂತೆ. ಓದಿ ಮುಗಿಸಿದ ಮೇಲೆ ನೋಡೋಣ ಎನ್ನಲಿಲ್ಲ. ಆಮೇಲೆ ಎರಡು ವರ್ಷ ಹಬ್ಬಕ್ಕೂ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಬೇರೆ ಕಡೆ ಮದುವೆಯಾದ. ಅಕ್ಕನಿಗೆ ತಮ್ಮನ ಮೇಲೆ ಮುನಿಸು, ನನ್ನ ಮೇಲೆ ಇನ್ನೂ ಹೆಚ್ಚು. ಇವತ್ತಿಗೂ ಸಂತೆಯಲ್ಲಿ ನನ್ನನ್ನು ಕಂಡರೆ ಆಕೆ ತರಕಾರಿ ಅಂಗಡಿ ಬದಲಿಸುತ್ತಾರೆ.

ಹುಡುಗಿ ನರ್ಸಿಂಗ್ ಓದಿ ಈಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾಳೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಮಾತಿನ ಮಧ್ಯೆ ಮಾವನ ವಿಷಯ ಬಂತು. “ಅವರು ಬೇಡ ಅಂತ ಹೇಳಿದ ದಿನ ನಾನು ತುಂಬ ಅತ್ತೆ ಮಿಸ್. ಓದೋಕೆ ಸಿಕ್ಕಿದ ಖುಷಿಗೋ, ಅವರಿಗೆ ನಾನು ಬೇಡವಾದೆ ಅಂತಲೋ, ಈಗಲೂ ಗೊತ್ತಿಲ್ಲ” ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.