ಒಗ್ಗಿದ ಕೈಯ ಸಾಕ್ಷ್ಯ

1908ರಿಂದ 1927ರವರೆಗೆ ತಯಾರಾದ ಫೋರ್ಡ್ ‘ಟಿ’ ಮಾದರಿಯ ಮೋಟಾರಿನಲ್ಲಿ, ಸ್ಟಿಯರಿಂಗ್ ಚಕ್ರದ ಅಡಿಯಲ್ಲಿಯೇ, ಕಂಬದ ನೆತ್ತಿಯ ಡಬ್ಬಿಯೊಳಗೆ ಮೂರು ಪುಟ್ಟ ಹಲ್ಲುಚಕ್ರಗಳು ಅಡಗಿರುತ್ತವೆ. ಅವು ಸವೆದರೆ, ಕೈ ತಿರುಗಿಸಿದೊಡನೆ ಮುಂದಿನ ಗಾಲಿಗಳು ತಿರುಗಲಾರವು. ಆದರೆ ಸವೆತವು ಮೆಲ್ಲಮೆಲ್ಲನೆ ಬರುವುದರಿಂದ ಒಡೆಯನ ಕೈ ಅದಕ್ಕೆ ಒಗ್ಗಿಹೋಗಿ, ಎಲ್ಲವೂ ಸರಿಯಾಗಿದೆಯೆಂದೇ ಸಾಕ್ಷಿ ನುಡಿಯುತ್ತದೆ. ಇಂಥ ಸಾಕ್ಷ್ಯವನ್ನು ನೆಚ್ಚಿ ಪರರನ್ನು ಗಾಡಿಗೆ ಹತ್ತಿಸಿಕೊಳ್ಳುವುದು ನ್ಯಾಯವೆ? ಹಿಂದೆ ಕುಳಿತವನು ಆ ಹಲ್ಲುಗಳನ್ನು ನೋಡಲಾರ; ಅವನ ನಂಬಿಕೆಯು ಒಡೆಯನ ಮೇಲಣ ಋಣ. ಆದುದರಿಂದ ಚಕ್ರವನ್ನು ಕಳಚಿ, ಕಂಬವನ್ನು ಹೊರತೆಗೆದು, ಹಳೆಯ ಜಿಡ್ಡನ್ನೊರಸಿ ಕಣ್ಣಾರೆ ಕಾಣಬೇಕು. ದೋಷವೊಂದೂ ಸಿಕ್ಕದಿದ್ದರೆ ದುಡಿಮೆ ವ್ಯರ್ಥವಾಯಿತೆನ್ನುವವರುಂಟು. ಹಾಗಲ್ಲ, ನಿನ್ನೆಯವರೆಗೆ ಬರಿಯ ಅಭ್ಯಾಸವಾಗಿದ್ದುದು ಇಂದು ಅರಿವಾಯಿತು. ಆ ಅರಿವೊಂದೇ ಋಣವನ್ನು ತೀರಿಸಬಲ್ಲುದು.